ಬರುವಾಗ ಎರಡು ಸೀಟು

ಆರನೇ ಸಲ ರಜೆ ಕೇಳಲು ಹೋದಾಗ ಡಾಕ್ಟರು ತಲೆ ಎತ್ತಿ ನೋಡಲೂ ಇಲ್ಲ.

“ರಾಕೆಟ್ಟಾ?” ಎಂದರು.

“ಹೂಂ ಡಾಕ್ಟ್ರೇ,” ಎಂದಳು ಇಂಚರಾ.

“ಈ ಸಲನಾದ್ರೂ ಹಾರತ್ತೇನಮ್ಮ?” ಎಂದು ಕೇಳಿ, ಉತ್ತರಕ್ಕೂ ಕಾಯದೆ, ಹೋಗು ಎಂಬಂತೆ ಕೈ ಆಡಿಸಿದರು.

ಮೊದಲ ಸಲ ಇದೇ ಡಾಕ್ಟರು ಇಂಚರಾ ಕೆಲಸ ಮಾಡುವ ಲ್ಯಾಬಿಗೆ ರಕ್ತ ಪರೀಕ್ಷೆಗೆ ಬಂದವರಿಗೆಲ್ಲ ಮೈಸೂರು ಪಾಕ್ ಹಂಚಿದ್ದರು. ಸಕ್ಕರೆ ಕಾಯಿಲೆಯವರನ್ನೂ ಬಿಟ್ಟಿರಲಿಲ್ಲ. ನಮ್ಮ ಇಂಚರಮ್ಮನ ತಂಗಿ ಮಂಗಳ ಗ್ರಹಕ್ಕೆ ಹೊರಟಿದ್ದಾಳೆ ಎಂದು ಕಂಡಕಂಡವರಿಗೆ ಹೇಳಿದ್ದರು. ಅರಸೀಕೆರೆಯ ಬಸ್ ಸ್ಟ್ಯಾಂಡಿನ ಎದುರು ಐಸಿರಿಯ ನಗುಮುಖದ ದೊಡ್ಡ ಫ್ಲೆಕ್ಸು ನಿಂತಿತ್ತು. ಈಗ ಆ ಫ್ಲೆಕ್ಸು ಯಾರದೋ ಕೊಬ್ಬರಿ ರಾಶಿಗೆ ಹೊದಿಕೆಯಾಗಿತ್ತು. ಮಾರ್ಕೆಟ್ಟಿನ ದಾರಿಯಲ್ಲಿ ಹೋಗುವಾಗ ತಂಗಿಯ ಒಂದು ಕಣ್ಣು, ಅರ್ಧ ಮೂಗು ಕಂಡರೆ ಇಂಚರಾ ಬೇರೆ ಕಡೆ ನೋಡುತ್ತಿದ್ದಳು.

ಅದು ಅಜ್ಜಿಯರಿಗೆಲ್ಲ ಇಂಚರಾ, ಸಿಂಚನಾ, ಪ್ರಾರ್ಥನಾ ಎಂದು ಹೆಸರಿರುತ್ತಿದ್ದ ಕಾಲ. ಪುಟ್ಟತಾಯಮ್ಮ, ಸಾಕಮ್ಮ ಎಂಬ ಹೆಸರುಗಳನ್ನು ಜನ ಹುಡುಕಿ ಹುಡುಕಿ ಮೊಮ್ಮಕ್ಕಳಿಗೆ ಇಡುತ್ತಿದ್ದರು. ಮಂಗಳದಲ್ಲಿ ಮನುಷ್ಯರು ನೆಲೆ ನಿಂತು ಕೆಲವು ವರ್ಷಗಳಾಗಿದ್ದವು. ಆದರೆ ಅಲ್ಲಿಗೆ ಹೋಗಲು ಬರುತ್ತಿತ್ತು, ಅಲ್ಲಿಂದ ಬರಲು ಬರುತ್ತಿರಲಿಲ್ಲ. ವಾಪಸು ಹಾರುವಷ್ಟು ಇಂಧನವನ್ನು ಅಲ್ಲಿಯೇ ತಯಾರಿಸುವ ವಿದ್ಯೆ ಇನ್ನೂ ಯಾರಿಗೂ ಒಲಿದಿರಲಿಲ್ಲ. ಹೋದವರು ಹೋದಂತೆಯೇ.

ಐಸಿರಿ ಹೋಗುತ್ತಿದ್ದುದು ಮಣ್ಣು ಮಾಡಲು. ಈ ಮಾತನ್ನು ನಮ್ಮ ಕಡೆ ಬಾಯಿ ಬಿಟ್ಟು ಹೇಳುವಂತಿಲ್ಲ, ಕೇಳಿದವರು ಬೇರೆಯೇ ಅರ್ಥ ಮಾಡಿಕೊಂಡು ಬಿಡುತ್ತಾರೆ. ಆದರೆ ಅವಳ ಕೆಲಸ ಅದೇ. ಮಂಗಳದ ಕೆಂಪು ಪುಡಿಯಲ್ಲಿ ಜೀವವಿಲ್ಲ, ಸಾಲದ್ದಕ್ಕೆ ವಿಷದ ಉಪ್ಪು ಬೇರೆ. ಆ ಉಪ್ಪನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳನ್ನು ಐಸಿರಿ ಸಾಕಿದ್ದಳು. ಅವು ತಿಂದು, ಸತ್ತು, ಕೊಳೆತ ಮೇಲೆ ಆ ಪುಡಿ ಮಣ್ಣಾಗುತ್ತದೆ. ಅಂಥದೇ ಪುಡಿ ತುಂಬಿದ ಒಂದು ಹಳೆಯ ಬಕೆಟ್ಟು ಇಂಚರಾಳ ಹಿತ್ತಿಲಲ್ಲಿತ್ತು. ಅದರಲ್ಲಿ ಹುರುಳಿ ಮೊಳೆತ ದಿನ ಐಸಿರಿ ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತಿದ್ದಳು. ಮಂಗಳದಲ್ಲಿ ಈಗಿರುವವರು ಟ್ಯೂಬಿನಿಂದ ಹಿಂಡಿಕೊಂಡು ತಿನ್ನುತ್ತಿದ್ದರು, ಅದೂ ಇನ್ನೆಷ್ಟು ದಿನಕ್ಕೆ ಸಾಲುತ್ತದೋ ಎಂಬ ಲೆಕ್ಕದಲ್ಲಿ.

ಅಮ್ಮ ತೀರಿಕೊಂಡಾಗ ಐಸಿರಿ ಇನ್ನೂ ಶಾಲೆಯಲ್ಲಿದ್ದಳು. ಜಡೆ ಹಾಕಿದ್ದು, ಓದಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದ್ದು ಎಲ್ಲ ಇಂಚರಾಳೇ. ಸ್ವಂತ ಮಕ್ಕಳಾಗಲಿಲ್ಲ ಎಂಬ ಕೊರಗು ಅವಳಿಗೆ ಹತ್ತದೇ ಹೋದದ್ದು ಈ ತಂಗಿಯಿಂದಾಗಿ. ಈಗ ಅವಳು ಹೊರಟಿದ್ದಾಳೆ, ಅದೂ ಒಂದೇ ಸಲಕ್ಕೆ ಹೋಗುತ್ತಿಲ್ಲ.

ಮೊದಲ ಎರಡು ಸಲ ಗಾಳಿ ಎಂದರು. ಆಮೇಲೆ ಒಮ್ಮೆ ಇಂಧನದ ಕವಾಟ ಎಂದರು. ಕಳೆದ ಎರಡು ಸಲ ಬರೀ “ತಾಂತ್ರಿಕ ಕಾರಣ” ಎಂದು ಹೇಳಿ ಕೈ ತೊಳೆದುಕೊಂಡರು. ಒಂದೊಂದು ಸಲಕ್ಕೂ ರಜೆ, ಬೆಂಗಳೂರಿನ ತನಕ ರೈಲು, ಅಲ್ಲಿಂದ ಪೂರ್ವ ಕರಾವಳಿಯ ಉಡಾವಣಾ ಕೇಂದ್ರಕ್ಕೆ ಮನೆಯವರಿಗಾಗಿ ಬಿಡುವ ಬಸ್ಸು, ಪುಳಿಯೋಗರೆ, ಟೋಪಿ, ದುರ್ಬೀನು, ಗಂಡ ಲಿಖಿತನ ಮೊಣಕಾಲಿಗೆ ಕಟ್ಟುವ ಪಟ್ಟಿ. ಬಿಸಿಲಲ್ಲಿ ಕೂತು ಕಾದು, ಕೊನೆಗೆ ಧ್ವನಿವರ್ಧಕದಲ್ಲಿ ಕ್ಷಮೆ ಕೇಳಿಸಿಕೊಂಡು ಬರುವುದು. ಈಚೆಗೆ ಅವಳು ಬ್ಯಾಗಿನಿಂದ ಸಾಮಾನು ತೆಗೆದಿಡುವುದನ್ನೇ ಬಿಟ್ಟಿದ್ದಳು. ತಂಗಿ ಹೋಗುತ್ತಾಳೆಂಬ ದುಃಖವನ್ನು ಎಷ್ಟು ಸಲ ಅಂತ ಹೊಸದಾಗಿ ಪಡುವುದು. ಅದೂ ಹಳಸಿ, ಈಗ ಬೆನ್ನುನೋವಿನಂತೆ ಮೈಯಲ್ಲೇ ಉಳಿದುಬಿಟ್ಟಿತ್ತು.

ಹೊಸ ದಿನಾಂಕ ಬಂದ ಮರುದಿನ ಉಡಾವಣಾ ಕೇಂದ್ರದಿಂದ ಫೋನು ಬಂತು. ಮಾತಾಡಿದವಳು ಸಮ್ಮತಿ ವಿಭಾಗದ ಅಧಿಕಾರಿ ಸುಗಂಧಾ ಬಾಂದೇಕರ್, ಕಾರವಾರದವಳು.

“ನಿಮ್ಮ ಹತ್ರ ಒಂದು ವಿಷಯ ಹೇಳ್ಲಿಕ್ಕಿದೆ, ಇಂಚರಾ ಅವ್ರೇ. ಐಸಿರಿಗೆ ನೀವು ಇದನ್ನು ಹೇಳುವ ಹಾಗಿಲ್ಲ. ಕಳೆದ ಎರಡು ಸಲ ನಿಂತದ್ದು ರಾಕೆಟ್ಟಿನ ದೋಷದಿಂದ ಅಲ್ಲ. ‘ಸಾಕ್ಷಿ’ ತಡೆದದ್ದು.”

ಸಾಕ್ಷಿ ಎಂದರೆ ಏನೆಂದು ಇಂಚರಾಗೆ ಗೊತ್ತಿತ್ತು. ಮೊದಲ ತಂಡದಲ್ಲಿ ಹೋದವನೊಬ್ಬ ಹಾದಿಯುದ್ದಕ್ಕೂ ಮನೆಗೆ ಕಳಿಸಿ ಎಂದು ಗೋಗರೆದಿದ್ದ. ಹಡಗನ್ನು ತಿರುಗಿಸುವಂತಿರಲಿಲ್ಲ. ಹೊರಡುವ ಮೊದಲೇ ಅವನಿಗೆ ಬೇಡವೆನಿಸಿತ್ತಂತೆ, ಲೋಕವೆಲ್ಲ ಚಪ್ಪಾಳೆ ತಟ್ಟುತ್ತಿರುವಾಗ ಹೇಳಲು ನಾಚಿಕೆಯಾಯಿತಂತೆ. ಆಮೇಲೆ ಕಾನೂನು ಬಂತು. ಹೊರಡುವ ಮುನ್ನ ಯಾತ್ರಿಕರು ತಮ್ಮವರೊಂದಿಗೆ ಕೊನೆಯ ಸಲ ಮಾತಾಡುವ ಕೋಣೆಯಿಂದ ಹಿಡಿದು ರಾಕೆಟ್ಟು ನೆಲ ಬಿಡುವ ತನಕ ಒಂದು ಯಂತ್ರ ಅವರ ಮಾತು, ಉಸಿರು, ನಾಡಿ ಮೂರನ್ನೂ ಕೇಳುತ್ತಿರುತ್ತದೆ. ಮೂರೂ ಸೇರಿ ‘ವಾಪಸು ಬರಬೇಕು’ ಎಂದರೆ ಉಡಾವಣೆಯನ್ನು ತಾನೇ ನಿಲ್ಲಿಸುತ್ತದೆ. ಏನು ಕೇಳಿಸಿತೆಂದು ಯಾರಿಗೂ ಹೇಳುವುದಿಲ್ಲ. ಅದಕ್ಕೆ ಯಾರೂ ಏನೂ ಹೇಳಿಕೊಡುವಂತೆಯೂ ಇಲ್ಲ.

“ಹಾಗಾದ್ರೆ ಅವ್ಳಿಗೆ ಮನಸ್ಸಿಲ್ಲ ಅಂತೀರಾ?” ಎಂದಳು ಇಂಚರಾ.

“ನನಗೆ ಗೊತ್ತಿಲ್ಲ. ಗೊತ್ತಾಗುವ ಹಾಗೂ ಇಲ್ಲ. ಮೂರನೇ ಸಲ ತಡೆದರೆ ಆ ಸೀಟು ಬೇರೆಯವರಿಗೆ ಹೋಗ್ತದೆ, ಐಸಿರಿಯನ್ನು ಮತ್ತೆಂದೂ ಕಳಿಸುವುದಿಲ್ಲ. ಮನೆಗೆ ಕರ್ಕೊಂಡು ಹೋಗ್ಲಿಕ್ಕೆ ನೀವು ತಯಾರಾಗಿರಿ ಅಂತ ಹೇಳಿದೆ, ಅಷ್ಟೇ. ಮುಂಚೆಯೇ ತಿಳಿದ್ರೆ ಅವಳು ಮಾತನ್ನು ಬಿಗಿ ಹಿಡಿತಾಳೆ. ಹಾಗೆ ಹಿಡಿದದ್ದೂ ಸಾಕ್ಷಿಗೆ ಗೊತ್ತಾಗಿ ಬಿಡ್ತದೆ.”

ಫೋನಿಟ್ಟ ಮೇಲೆ ಇಂಚರಾಗೆ ಆದದ್ದು ಸಂತೋಷ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ತಂಗಿ ಬರುತ್ತಾಳೆ. ಒಳಗೊಳಗೇ ಅವಳಿಗೂ ಹೋಗಲು ಇಷ್ಟವಿಲ್ಲ, ಯಂತ್ರವೇ ಹೇಳಿದೆ. ಸಂಜೆ ಅಂಗಡಿಗೆ ಹೋಗಿ ಹೊಸ ದಿಂಬು ತಂದಳು. ಹೋಗುವಾಗ ಒಂದು ಸೀಟು, ಬರುವಾಗ ಎರಡು ಎಂದು ಬಸ್ಸಿಗೆ ಕಾಯ್ದಿರಿಸಿದಳು.

ಈ ನೆಮ್ಮದಿ ಒಂದು ವಾರವೂ ಬಾಳಲಿಲ್ಲ.

ಲ್ಯಾಬಿನಲ್ಲಿ ಅಂದು ಜನ ಹೆಚ್ಚಿದ್ದರು. ವಯಸ್ಸಾದ ಹೆಂಗಸೊಬ್ಬಳಿಗೆ ನರ ಸಿಗದೆ ಎರಡು ಕಡೆ ಚುಚ್ಚಬೇಕಾಯಿತು. ಪಾಪ, ಆಕೆ ಹಲ್ಲು ಕಚ್ಚಿಕೊಂಡು ಕೂತಿದ್ದು, ಹತ್ತಿ ಒತ್ತಿ ಹಿಡಿದು ಎದ್ದು, ಬಾಗಿಲ ಹತ್ತಿರ ನಿಂತು, “ಹೋಗ್ಬರ್ತೀನಿ ಕಣಮ್ಮ,” ಎಂದಳು.

“ಹೂಂ, ಹೋಗ್ಬನ್ನಿ,” ಎಂದಳು ಇಂಚರಾ, ಮುಂದಿನ ಟ್ಯೂಬಿಗೆ ಚೀಟಿ ಅಂಟಿಸುತ್ತ.

ಅಂಟಿಸುತ್ತಿದ್ದ ಕೈ ಹಾಗೇ ನಿಂತಿತು. ಸೂಜಿ ಚುಚ್ಚಿಸಿಕೊಳ್ಳುವ ಜಾಗಕ್ಕೆ ಮತ್ತೆ ಬರುತ್ತೇನೆ ಎಂದು ಲೋಕದಲ್ಲಿ ಯಾರಾದರೂ ಹೇಳುತ್ತಾರೆಯೇ? ಹೇಳುತ್ತಾರೆ. ನಾವು ಹೇಳುತ್ತೇವೆ. ಎಲ್ಲಿಂದ ಎದ್ದರೂ ಹೇಳುತ್ತೇವೆ.

ಮೊದಲ ಮೂರು ಸಲ ಕೊನೆಯ ಮಾತಿನ ಕೋಣೆಯ ತನಕ ಹೋಗಿರಲೇ ಇಲ್ಲ, ಅದಕ್ಕೆ ಮೊದಲೇ ಉಡಾವಣೆ ನಿಂತಿತ್ತು. ಕಳೆದ ಎರಡು ಸಲ ಹೋಗಿದ್ದರು. ಎರಡು ಸಲವೂ ಕೊನೆಯಲ್ಲಿ ಐಸಿರಿ, “ಹೋಗ್ಬರ್ತೀನಿ ಅಕ್ಕ,” ಎಂದಿದ್ದಳು. ಯಂತ್ರ ಅದನ್ನು ಕೇಳಿ, ಹೋಗಿ ಮತ್ತೆ ಬರುತ್ತೇನೆ ಎಂದೇ ತಿಳಿದುಕೊಂಡಿದೆ. ನಮ್ಮ ಭಾಷೆ ಮಾತಾಡುವ ಯಾತ್ರಿಕರಲ್ಲಿ ಇವಳೇ ಮೊದಲು. ಅದಕ್ಕಾದರೂ ಹೇಗೆ ಗೊತ್ತಾಗಬೇಕು. ಇನ್ನು ಉಸಿರು, ನಾಡಿ. ಆ ಮಾತನ್ನು ಹೇಳುವ ಗಳಿಗೆಯಲ್ಲಿ ಬರುವ ಆಸೆ ಯಾರ ಎದೆಯಲ್ಲಿ ತಾನೇ ಇರುವುದಿಲ್ಲ?

ಐಸಿರಿಗೆ ಐದು ವರ್ಷವಿದ್ದಾಗ ಶಾಲೆಗೆ ಹೊರಟು, “ಅಮ್ಮಾ, ಹೋಗ್ತೀನಿ,” ಎಂದಿದ್ದಳು. ಅಮ್ಮ ಗೇಟಿನ ತನಕ ಓಡಿ, ಅವಳನ್ನು ಎಳೆದು ತಂದು ಕೂರಿಸಿ, ನೀರು ಕುಡಿಸಿ, ಬಾಯಿಂದ ‘ಹೋಗ್ಬರ್ತೀನಿ’ ಎನ್ನಿಸಿ ಕಳಿಸಿದ್ದಳು. ಹೋಗ್ತೀನಿ ಎನ್ನಬಾರದು. ಹೋಗು ಎಂದಂತೂ ಬೈಯುವಾಗ ಬಿಟ್ಟರೆ ಯಾರಿಗೂ ಅನ್ನಬಾರದು. ಆ ಅಮ್ಮ ಆಸ್ಪತ್ರೆಗೆ ಹೊರಟಾಗಲೂ ಆಟೋದಿಂದ ತಲೆ ಹೊರಗೆ ಹಾಕಿ ಹೋಗ್ಬರ್ತೀನಿ ಎಂದೇ ಹೇಳಿದ್ದಳು. ಬರಲಿಲ್ಲ.

ಸಂಜೆ ಲಿಖಿತ ಟಿಕೆಟ್ಟು ನೋಡಿದ. ಮೊಣಕಾಲು ಸಹಕರಿಸದೆ ಈ ಸಲ ಅವನು ಹೊರಡುತ್ತಿರಲಿಲ್ಲ.

“ಬರೋವಾಗ ಯಾಕೆ ಎರಡು ಸೀಟು?”

“ಬ್ಯಾಗ್ ಇಡೋಕೆ.”

“ಬ್ಯಾಗಿಗೆ ಸೀಟ್ ತಗೊಳ್ಳೋ ಪೈಕಿನಾ ನೀನು? ಹೇಳು, ಏನ್ ವಿಷ್ಯ.”

ಅವಳು ಎಲ್ಲ ಹೇಳಿದಳು. ಲಿಖಿತ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೇಳಿದ. ಅವನು ಯಾವುದನ್ನೂ ದೊಡ್ಡದು ಮಾಡುವವನಲ್ಲ.

“ಇದ್ರಲ್ಲಿ ಯೋಚ್ನೆ ಮಾಡೋದೇನಿದೆ?” ಎಂದ. “ಸುಮ್ನಿದ್ರೆ ಬರ್ತಾಳೆ. ಸುಮ್ನಿರು. ನೀನೇನ್ ಸುಳ್ ಹೇಳ್ತಿಲ್ಲ, ಮೋಸ ಮಾಡ್ತಿಲ್ಲ. ಯಂತ್ರ ತಾನೇ ನಿಲ್ಸೋದು.”

“ಬಂದು?”

“ಬಂದು ಇರ್ತಾಳೆ. ನಾವಿಲ್ವಾ?”

ಇಂಚರಾ ಹಿತ್ತಿಲಿಗೆ ಹೋದಳು. ಬಕೆಟ್ಟಿನ ಹುರುಳಿ ಬಳ್ಳಿ ಕಾಯಿ ಬಿಟ್ಟಿತ್ತು. ಬಂದು ಐಸಿರಿ ಇದಕ್ಕೆ ನೀರು ಹಾಕಿಕೊಂಡು ಇರುತ್ತಾಳೆ. ತನ್ನ ಸೀಟಿನಲ್ಲಿ ಯಾರು ಹೋದರು, ಅಲ್ಲಿಯ ಮಣ್ಣು ಏನಾಯಿತು ಎಂದು ಟೀವಿ ನೋಡಿಕೊಂಡು ಇರುತ್ತಾಳೆ. ಯಾಕೆ ತಡೆದರು ಅಂತ ಅವಳಿಗೆ ಯಾರೂ ಹೇಳುವುದಿಲ್ಲ. ತನಗೆ ಮಾತ್ರ ಗೊತ್ತಿರುತ್ತದೆ. ಆ ಹೊಸ ದಿಂಬಿನ ಮೇಲೆ ಮಲಗಿದವಳ ಪಕ್ಕದ ಕೋಣೆಯಲ್ಲಿ, ಗೊತ್ತಿದ್ದೂ ಗೊತ್ತಿದ್ದೂ ಬದುಕಬೇಕು. ಅಷ್ಟಾದರೂ ಅವಳಿಗೆ ಆಸೆ ಬಿಡಲಿಲ್ಲ. ಟಿಕೆಟ್ಟನ್ನು ಅವಳು ಬದಲಾಯಿಸಲಿಲ್ಲ.

ಹೊರಡುವ ಎರಡು ದಿನ ಮೊದಲು ಐಸಿರಿ ಫೋನು ಮಾಡಿದಳು. ಸೋಂಕು ತಗಲದಂತೆ ಅವಳನ್ನು ಬೇರೆಯೇ ಇಟ್ಟಿದ್ದರು. ದನಿ ಕುಗ್ಗಿತ್ತು.

“ಊಟ ಆಯ್ತಾ?”

“ಆಯ್ತು ಅಕ್ಕ. ಅದೇ ಬೇಯ್ಸಿದ್ದು.”

ಐಸಿರಿ ತಾನೇ ಮಾತು ಮುಂದುವರಿಸಿದಳು.

“ಅಕ್ಕ, ನಂಗೆ ಸಾಕಾಗಿದೆ ಕಣೇ. ಆ ಸೀಟಲ್ಲಿ ಬೆಲ್ಟ್ ಕಟ್ಕೊಂಡು ಮಲಗೋದು, ಆಮೇಲೆ ಬಿಚ್ಕೊಂಡು ಇಳಿಯೋದು. ಅಲ್ಲಿರೋರು ದಿನಾ ಕೇಳ್ತಾರೆ, ಯಾವಾಗ ಬರ್ತೀಯ ಅಂತ. ನನ್ ಜೀವಿಗಳು ಡಬ್ಬಿಯೊಳ್ಗೇ ಸಾಯ್ತಾ ಇವೆ. ಇನ್ನೊಂದ್ಸಲ ನಿನ್ ಮುಖ ನೋಡಿ ಹೊರಡೋ ಶಕ್ತಿ ನಂಗಿಲ್ಲ. ಹೋಗೋದಾದ್ರೆ ಹೋಗ್ಬಿಡ್ಬೇಕು.”

“ಬೇಡ ಅನ್ಸಿದ್ಯಾ?” ಕೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು.

“ಹೋಗೋದು ಬೇಡ ಅಂತ ಒಂದಿನಾನೂ ಅನ್ಸಿಲ್ಲ. ನಿನ್ನ ಬಿಟ್ಟು ಹೋಗೋದು ಬೇಡ ಅಂತ ದಿನಾ ಅನ್ಸತ್ತೆ. ಎರಡೂ ಬೇರೆ ಅಲ್ವಾ ಅಕ್ಕ? ಸರಿ, ಇಡ್ತೀನಿ.”

ಬೇರೆ ಹೌದು. ಆದರೆ ಆ ಯಂತ್ರಕ್ಕೆ ಎರಡೂ ಒಂದೇ. ಅದಕ್ಕೆ ಹೇಳಿಕೊಡುವಂತಿಲ್ಲ, ಇವಳಿಗೆ ತಿಳಿಸುವಂತಿಲ್ಲ.

ಉಡಾವಣಾ ಕೇಂದ್ರದಲ್ಲಿ ಈ ಸಲ ಜನವೇ ಇರಲಿಲ್ಲ. ನೋಡುವವರಿಗೆಂದು ಹಾಕಿದ್ದ ಕುರ್ಚಿಗಳಲ್ಲಿ ಮುಕ್ಕಾಲು ಪಾಲು ಖಾಲಿ. ದೂರದಲ್ಲಿ, ಸಮುದ್ರಕ್ಕೆ ಆತುಕೊಂಡಂತೆ, ಬೆಳ್ಳಗೆ ರಾಕೆಟ್ಟು ನಿಂತಿತ್ತು. ಸುಗಂಧಾ ಬಾಂದೇಕರ್ ಬಂದು ಅವಳನ್ನು ನಿಯಂತ್ರಣ ಕೊಠಡಿಯ ಗಾಜಿನ ಗೋಡೆಯ ಪಕ್ಕದಿಂದ ಕರೆದುಕೊಂಡು ಹೋದಳು. ಒಳಗೆ ಸಾಲುಸಾಲಾಗಿ ಜನ, ಅವರ ಮುಂದೆ ಪರದೆಗಳು. ಎಲ್ಲರ ಮುಖದಲ್ಲೂ ನಿದ್ದೆಗೆಟ್ಟ ಕಳೆ. ಒಂದು ಮೇಜಿನ ಹಿಂದೆ ಮಾತ್ರ ಯಾರೂ ಇರಲಿಲ್ಲ. ಅದರ ಮೇಲೊಂದು ಹಸಿರು ದೀಪ ಉರಿಯುತ್ತಿತ್ತು.

“ಅದೇನಾ ಸಾಕ್ಷಿ?”

“ಹೌದು. ಅದು ಕೆಂಪಾದ್ರೆ ಇಲ್ಲಿಯವರು ಯಾರೂ ಏನೂ ಮಾಡುವಂತಿಲ್ಲ.” ಸುಗಂಧಾ ದನಿ ತಗ್ಗಿಸಿದಳು. “ನಿಮ್ಮ ವಾಪಸು ಬಸ್ಸಿನ ಸೀಟು ನೋಡಿದೆ. ಒಳ್ಳೇದು ಮಾಡಿದ್ರಿ.”

ಮಾತಿನ ಕೋಣೆ ಚಿಕ್ಕದು, ಒಂದು ಸ್ಟೂಲು, ಒಂದು ಪರದೆ. ಪರದೆಯಲ್ಲಿ ಐಸಿರಿಯ ಮುಖ ಕಾಣಿಸಿಕೊಂಡಿತು. ತಲೆಗೆ ಬಿಗಿಯಾದ ಬಿಳಿ ಟೋಪಿ, ಕಣ್ಣ ಕೆಳಗೆ ಕಪ್ಪು. ಮೂರು ನಿಮಿಷದ ಮಾತು. ಇಷ್ಟು ಸಲವಾದ ಮೇಲೆ ಹೇಳುವಂಥದ್ದೇನೂ ಉಳಿದಿರಲಿಲ್ಲ.

“ಭಾವನ ಮೊಣಕಾಲು ಹೇಗಿದೆ?”

“ಹಾಗೇ ಇದೆ. ನಿನ್ ಹುರುಳಿ ಕಾಯಿ ಬಿಟ್ಟಿದೆ.”

“ನಿಜ್ವಾಗ್ಲೂ?” ಐಸಿರಿಯ ಕಣ್ಣು ಅರಳಿತು. ಮಣ್ಣಿನ ಬಗ್ಗೆ, ಕಾಯಿಯ ಬಣ್ಣದ ಬಗ್ಗೆ ಎರಡು ಪ್ರಶ್ನೆ ಕೇಳಿದಳು. ಎಷ್ಟು ಕಾಯಿ, ಎಲೆ ಹಳದಿಯಾಗಿದೆಯಾ ಎಂದಳು. ಅಕ್ಕ ಎದುರಿಗಿದ್ದಾಳೆಂಬುದನ್ನೂ ಮರೆತು, ಒಂದು ಗಳಿಗೆ ಅವಳು ಆಗಲೇ ಅಲ್ಲಿಗೆ ತಲುಪಿದಂತಿದ್ದಳು. ಇಂಚರಾ ಅದನ್ನು ನೋಡಿದಳು. ನೋಡಬಾರದಿತ್ತು ಅಂತಲೂ ಅನಿಸಿತು.

ಹೊತ್ತು ಮುಗಿಯಿತೆಂದು ಸಣ್ಣ ಗಂಟೆ ಕೇಳಿಸಿತು. ಐಸಿರಿಯ ಮುಖ ಮತ್ತೆ ಬಾಡಿತು.

“ಸರಿ ಅಕ್ಕ, ಹೋಗ್...”

“ಹೋಗು,” ಎಂದಳು ಇಂಚರಾ.

ಐಸಿರಿ ಬಾಯಿ ತೆರೆದದ್ದು ಹಾಗೇ ಉಳಿಯಿತು. “ಏನಂದೆ?”

“ಹೋಗು ಅಂದೆ. ಎಷ್ಟ್ ಸಲ ಅಂತ ಕಳಿಸ್ಕೊಡೋದು? ನಂಗೂ ವಯಸ್ಸಾಯ್ತು. ರಜಾ ಕೇಳಿ ಕೇಳಿ ಸಾಕಾಯ್ತು. ಹೋಗೋಳು ಹೋಗು.”

ಅದರಲ್ಲಿ ಸುಳ್ಳೊಂದೂ ಇರಲಿಲ್ಲ. ಅದಕ್ಕೇ ಅಷ್ಟು ಚೆನ್ನಾಗಿ ನಾಟಿತು. ಐಸಿರಿ ಐದು ವರ್ಷದ ಹುಡುಗಿಯಂತೆ ಅಕ್ಕನನ್ನು ನೋಡಿದಳು. ಯಾರೋ ಗೇಟಿನಿಂದ ಎಳೆದು ತಂದು ನೀರು ಕುಡಿಸಲಿ ಎಂದು ಕಾಯುವವಳಂತೆ ನೋಡಿದಳು. ಆಮೇಲೆ ಕಣ್ಣು ಒರೆಸಿಕೊಂಡು, ದವಡೆ ಬಿಗಿದು, “ಸರಿ. ಹೋಗ್ತೀನಿ,” ಎಂದಳು. ಪರದೆ ಆರಿತು.

ಇಂಚರಾ ಹೊರಗೆ ಬಂದು ಕುರ್ಚಿಯಲ್ಲಿ ಕೂತಳು. ತಂಗಿಯ ಮುಖ ನೋಡಿ ಆಡಿದ ಕೊನೆಯ ಮಾತು ಅದು. ಇನ್ನು ನಿಲ್ಲಲಿ ಎಂದು ಬೇಡಿಕೊಳ್ಳುವುದೋ, ಹಾರಲಿ ಎಂದೋ ತಿಳಿಯದೆ ಪುಳಿಯೋಗರೆಯ ಡಬ್ಬಿಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದಳು. ಧ್ವನಿವರ್ಧಕ ಎಣಿಸುತ್ತ ಬಂತು. ಅದು ಕ್ಷಮೆ ಕೇಳುವ ಹೊತ್ತು ಬಂತು, ಕೇಳಲಿಲ್ಲ.

ರಾಕೆಟ್ಟಿನ ಬುಡದಲ್ಲಿ ಬೆಳಕು ಹೊತ್ತಿತು. ಸದ್ದು ಬಂದದ್ದು ಆಮೇಲೆ, ಅದು ಕಿವಿಗಿಂತ ಮೊದಲು ಎದೆಗೆ ತಾಕಿತು. ಬೆಳ್ಳಗಿನದು ಮೊದಲು ನಿಧಾನಕ್ಕೆ, ಮನಸ್ಸಿಲ್ಲದೆ ಏಳುವವರಂತೆ ಎದ್ದು, ಆಮೇಲೆ ಯಾರ ಮಾತನ್ನೂ ಕೇಳದೆ ಹೊರಟುಹೋಯಿತು. ನೋಡಬೇಕೆಂದು ಆರು ಸಲ ಬಂದಿದ್ದ ಇಂಚರಾ ದುರ್ಬೀನನ್ನು ಬ್ಯಾಗಿನಿಂದ ತೆಗೆಯಲೂ ಇಲ್ಲ. ಬರೀ ಕಣ್ಣಿಗೆ ಕಂಡಷ್ಟು ಹೊತ್ತು ನೋಡಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಸುಗಂಧಾ ಬಂದು ಪಕ್ಕದಲ್ಲಿ ಕೂತಳು. ಈಗ ಮುಚ್ಚಿಡಬೇಕಾದ್ದೇನೂ ಇರಲಿಲ್ಲ. ಇಂಚರಾ ‘ಹೋಗ್ಬರ್ತೀನಿ’ ಎಂಬ ಮಾತಿನ ಸಂಗತಿಯನ್ನು ಹೇಳಿದಳು. ಕೇಳುತ್ತ ಕೇಳುತ್ತ ಸುಗಂಧಾಳ ಮುಖ ಇಳಿಯಿತು.

“ನಾವು ಕೊಂಕಣಿಯಲ್ಲಿ ಹೊರಡುವಾಗ ‘ಯೆತಾಂ’ ಅಂತೇವೆ. ಬರ್ತೇನೆ ಅಂತಲೇ ಅದಕ್ಕೆ ಅರ್ಥ,” ಎಂದಳು. “ಇವತ್ತು ಬೆಳಿಗ್ಗೆ ನಾನೂ ಹಾಗೇ ಹೇಳಿ ಮನೆಯಿಂದ ಬಂದದ್ದು. ಒಂದು ದಿನವೂ ತಲೆಗೆ ಹೊಳೀಲಿಲ್ಲ.” ಆಮೇಲೆ ಏನೋ ನೆನಪಾದವಳಂತೆ ಎದ್ದು ನಿಯಂತ್ರಣ ಕೊಠಡಿಯ ಕಡೆ ಬೇಗಬೇಗ ನಡೆದಳು.

ಬಸ್ಸು ಸಂಜೆ ಹೊರಟಿತು. ಡ್ರೈವರ್ ಇಲ್ಲದ ಬಸ್ಸು ಬಂದು ಎಷ್ಟೋ ಕಾಲವಾಗಿತ್ತು, ಕಂಡಕ್ಟರ್ ಇಲ್ಲದ ಬಸ್ಸನ್ನು ಮಾತ್ರ ನಮ್ಮ ಜನ ಇನ್ನೂ ಒಪ್ಪಿರಲಿಲ್ಲ. ಕಂಡಕ್ಟರು ಬಂದು ನಿಂತ.

“ಎರಡು ಸೀಟಿದೆ. ಇನ್ನೊಬ್ರು ಎಲ್ಲಮ್ಮ?”

“ಬರಲ್ಲ.”

“ಹಂಗಾದ್ರೆ ಬೇರೆಯವ್ರನ್ನ ಕೂರಿಸ್ಲಾ?”

“ಬೇಡಪ್ಪ, ಬ್ಯಾಗ್ ಇದೆ,” ಎಂದು ಬ್ಯಾಗನ್ನು ಪಕ್ಕದ ಸೀಟಿನ ಮೇಲಿಟ್ಟಳು. ಅವನು ಒಂಥರಾ ನೋಡಿ ಮುಂದೆ ಹೋದ.

ಊರು ದಾಟಿ ಗದ್ದೆಗಳು ಶುರುವಾದಾಗ ಫೋನು ಸದ್ದು ಮಾಡಿತು. ಕೇಂದ್ರದಿಂದ ಬಂದ ಧ್ವನಿ ಸಂದೇಶ. ಅವಳು ಅದನ್ನು ಕಿವಿಗೆ ಒತ್ತಿಕೊಂಡಳು.

“ಅಕ್ಕ, ಮೇಲಿದೀನಿ. ಎಲ್ಲ ಸರಿಯಾಗಿದೆ.” ಐಸಿರಿಯ ದನಿ. “ನಿನ್ನ ಮೇಲೆ ತುಂಬಾ ಸಿಟ್ಟು ಬಂದಿತ್ತು. ನೀನ್ಯಾಕೆ ಹಾಗಂದೆ ಅಂತ ಸುಗಂಧಾ ಮೇಡಂ ಈಗ್ ಹೇಳಿದ್ರು. ಇಲ್ಲಿ ಮಾತು ಕೇಳಿಸ್ಕೊಳ್ಳೋ ಯಂತ್ರ ಇಲ್ಲ. ಅದಕ್ಕೆ ಹೇಳ್ತಿದೀನಿ, ಕೇಳಿಸ್ಕೋ. ಅಕ್ಕ, ಹೋಗ್ಬರ್ತೀನಿ.”

ಇಂಚರಾ ಅದನ್ನು ಇನ್ನೊಮ್ಮೆ ಕೇಳಿದಳು.

“ಹೂಂ. ಹೋಗ್ಬಾ,” ಎಂದಳು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಆಮೇಲೆ ಪಕ್ಕದ ಸೀಟಿನ ಮೇಲಿದ್ದ ಬ್ಯಾಗನ್ನು ಎತ್ತಿ ತನ್ನ ಕಾಲ ಬಳಿ ಇಟ್ಟುಕೊಂಡಳು.